ಕಡಲಿಗೂ ರಸ್ತೆಗೂ ಒಂದೇ ಜಿಪಿಎಸ್: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಮಂಜೇಶ್ವರದಿಂದ ಚೆರುವತ್ತೂರಿನವರೆಗಿನ ಕರಾವಳಿಯವು. ಕೇಳಿದ್ದು ಕೈಯಲ್ಲಿ ಹಿಡಿಯುವ ಜಿಪಿಎಸ್ ಬಗ್ಗೆ. ಬೆಳಗಿನ ಜಾವ ದೋಣಿಯಲ್ಲಿ, ಮಧ್ಯಾಹ್ನ ಜೀಪಿನಲ್ಲಿ ಅದೇ ಉಪಕರಣ ದಾರಿ ತೋರಿಸಬೇಕು ಎನ್ನುವವರು ಇವರೆಲ್ಲ. ಬಹುಪಾಲು ತಕರಾರುಗಳಲ್ಲಿ ಉಪಕರಣ ಸರಿಯಾಗಿಯೇ ಇದೆ. ರಸ್ತೆಗೆಂದು ಮಾಡಿಟ್ಟ ಸೆಟ್ಟಿಂಗ್ ಹಾಗೆಯೇ ನೀರಿಗೆ ಇಳಿದಿದೆ, ಅಷ್ಟೆ.

ಪ್ರಶ್ನೆ: ಮನೆಯಲ್ಲಿ ಒಂದು ಜೀಪು, ಒಂದು ಸಣ್ಣ ಫೈಬರ್ ದೋಣಿ ಇದೆ. ಎರಡಕ್ಕೂ ಒಂದೇ ಜಿಪಿಎಸ್ ಸಾಕೇ? ಕೊಳ್ಳುವಾಗ ಏನು ನೋಡಬೇಕು? – ಮಂಜೇಶ್ವರದ ಓದುಗರು

ಸಾಕು. ಆದರೆ ಎರಡೂ ಕಡೆ ನೂರಕ್ಕೆ ನೂರು ಸರಿಹೊಂದುವ ಉಪಕರಣ ಇಲ್ಲ. ರಸ್ತೆಯದ್ದು ಎಂದು ಮಾರುವ ಜಿಪಿಎಸ್‌ಗಳು ತಿರುವನ್ನು ಬಾಯಿಬಿಟ್ಟು ಹೇಳುತ್ತವೆ, ಪರದೆ ದೊಡ್ಡದು, ಆದರೆ ನೀರು ತಾಗಿದರೆ ಹೋಯಿತು. ಕಡಲಿನವು ನೀರಿಗೆ ಜಗ್ಗುವುದಿಲ್ಲ, ಆದರೆ ಅವುಗಳಲ್ಲಿ ಹೆಚ್ಚಿನವು ತಿರುವಿನಲ್ಲಿ ಬರೀ ‘ಟಿಂಯ್’ ಎನ್ನುತ್ತವೆ. ಎರಡಕ್ಕೂ ಎಂದೇ ಮಾಡಿದ ಸಾಲು ಗಾರ್ಮಿನ್‌ನ ಜಿಪಿಎಸ್‌ಮ್ಯಾಪ್ 276ಸಿ. 2016ರಲ್ಲಿ ಅದರ ಹೊಸ ರೂಪ 276ಸಿಎಕ್ಸ್ ಬಂತು. ಪರದೆ ಐದು ಇಂಚು, ಗುಂಡಿಗಳು ಒದ್ದೆ ಕೈಗೂ ಸಿಗುತ್ತವೆ, ಹೊರಗಿನ ಆಂಟೆನಾ ಜೋಡಿಸಬಹುದು. ಆದರೆ ತೂಕದ್ದು, ನೀರಿಗೆ ಬಿದ್ದರೆ ತೇಲುವುದಿಲ್ಲ. ಜಿಪಿಎಸ್‌ಮ್ಯಾಪ್ 76, 78, 86 ಸಾಲಿನವು ತೇಲುತ್ತವೆ. ಆದರೆ ಅವುಗಳ ಪರದೆ ಜೀಪಿನ ಡ್ಯಾಶ್‌ಬೋರ್ಡಿನಲ್ಲಿಟ್ಟು ಓದುವಷ್ಟು ದೊಡ್ಡದಲ್ಲ. ನಿಮ್ಮದು ಸಣ್ಣ ದೋಣಿಯಾದ ಕಾರಣ ತೇಲುವುದನ್ನೇ ಆರಿಸಿ. ರಸ್ತೆಗೆ ಫೋನಿದೆಯಲ್ಲ.

ಪೆಟ್ಟಿಗೆಯ ಮೇಲೆ ಐಪಿಎಕ್ಸ್7 ಎಂದಿರಲಿ. ಒಂದು ಮೀಟರ್ ಆಳದ ನೀರಿನಲ್ಲಿ 30 ನಿಮಿಷ ತಾಳುತ್ತದೆ ಎಂಬುದು ಅದರ ಅರ್ಥ. ಆ ಪರೀಕ್ಷೆ ಸಿಹಿನೀರಿನಲ್ಲಿ ನಡೆಯುವುದು, ಉಪ್ಪುನೀರಿನ ತುಕ್ಕು ಅದರ ಲೆಕ್ಕದಲ್ಲಿ ಇಲ್ಲ. ಮೆಮೊರಿ ಕಾರ್ಡ್ ಹಾಕುವ ಜಾಗ, ಇಲ್ಲವೇ ಒಳಗೇ ಸಾಕಷ್ಟು ಮೆಮೊರಿ ಇರಬೇಕು. ಇಲ್ಲದಿದ್ದರೆ ರಸ್ತೆ ನಕ್ಷೆ, ಕಡಲ ನಕ್ಷೆ ಎರಡನ್ನೂ ತುಂಬಿಸಲಾಗದು. ಅಂಗಡಿಯಿಂದ ಹೊರಗೆ ಬಿಸಿಲಿಗೆ ತಂದು, ಬ್ಯಾಕ್‌ಲೈಟ್ ಆರಿಸಿ, ಪರದೆ ಓದಲು ಆಗುತ್ತದೆಯೇ ನೋಡಿ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಎಲ್ಲ ಪರದೆಯೂ ಚೆಂದವೇ.

ತಂದ ಮೇಲೆ ಮೊದಲ ಕೆಲಸ, ಎರಡು ಪ್ರೊಫೈಲ್, ಎಂದರೆ ದೋಣಿಗೊಂದು ಜೀಪಿಗೊಂದು ಸೆಟ್ಟಿಂಗಿನ ಗುಂಪು ಮಾಡುವುದು. ದೋಣಿಯ ಪ್ರೊಫೈಲಿನಲ್ಲಿ ದೂರ ನಾಟಿಕಲ್ ಮೈಲಿಯಲ್ಲಿ, ವೇಗ ನಾಟ್‌ನಲ್ಲಿ. ಮಾರ್ಗದ ಲೆಕ್ಕ ‘ಡೈರೆಕ್ಟ್’, ಎಂದರೆ ನೇರ ಗೆರೆ. ಹತ್ತಿರದ ರಸ್ತೆಗೆ ಅಂಟಿಸುವ ‘ಲಾಕ್ ಆನ್ ರೋಡ್’ ಆಫ್. ಬಂದ ದಾರಿಯ ಗೆರೆ 20 ಮೀಟರಿಗೊಮ್ಮೆ ದಾಖಲಾಗುವಂತೆ. ಜೀಪಿನದರಲ್ಲಿ ಕಿಲೋಮೀಟರ್, ‘ಲಾಕ್ ಆನ್ ರೋಡ್’ ಆನ್, ಮಾರ್ಗ ‘ಕಡಿಮೆ ಸಮಯ’ದ್ದು, ‘ಕಡಿಮೆ ದೂರ’ದ್ದಲ್ಲ. ಕಡಿಮೆ ದೂರ ಎಂದಿಟ್ಟರೆ ಪಾಣತ್ತೂರು ಕಡೆ ಹೊರಟವರನ್ನು ಯಾರದೋ ರಬ್ಬರ್ ತೋಟದ ಮಣ್ಣಿನ ದಾರಿಗೆ ನುಗ್ಗಿಸುತ್ತದೆ. ಗುರುತು ಹಾಕಿಟ್ಟ ಜಾಗಗಳು ಎರಡೂ ಪ್ರೊಫೈಲಿನಲ್ಲಿ ಕಾಣುತ್ತವೆ, ಎರಡೆರಡು ಸಲ ಹಾಕಬೇಕಿಲ್ಲ. ಅವನ್ನು ತಿಂಗಳಿಗೊಮ್ಮೆ ಕಂಪ್ಯೂಟರಿಗೆ ಜಿಪಿಎಕ್ಸ್ ಫೈಲಾಗಿ ಇಳಿಸಿಡಿ. ಉಪಕರಣ ಮತ್ತೆ ಕೊಳ್ಳಬಹುದು, ವರ್ಷಗಟ್ಟಲೆ ಕೂಡಿಸಿದ, ಕಡಲತಳದಲ್ಲಿ ಮೀನು ಸೇರುವ ಕಲ್ಲುಗಳ ಗುರುತು ಅಂಗಡಿಯಲ್ಲಿ ಸಿಗದು.

ಪ್ರಶ್ನೆ: ಪರಿಚಯದ ಬೋಟಿನವರು ಒಂದು ಕಲ್ಲಿನ ಜಾಗದ ಅಂಕಿ ಫೋನಿನಲ್ಲಿ ಹೇಳಿದರು. ಸರಿಯಾಗಿ ಹಾಕಿಕೊಂಡು ಹೋದರೂ ಅಲ್ಲಿ ಬರೀ ಕೆಸರು. ಅವರು ಸುಳ್ಳು ಹೇಳಿರಬಹುದೇ? – ಕುಂಬಳೆಯ ಓದುಗರು

ಕಲ್ಲಿನ ಜಾಗವನ್ನು ಯಾರೂ ಪೂರ್ತಿ ನಿಜ ಹೇಳುವುದಿಲ್ಲ ಎಂಬ ಮಾತು ಬಂದರುಗಳಲ್ಲಿ ಇದ್ದೇ ಇದೆ. ಆದರೂ ಆರೋಪ ಹೊರಿಸುವ ಮೊದಲು ಅಂಕಿಯ ರೂಪ ನೋಡಿ. ಒಂದೇ ಜಾಗವನ್ನು ಮೂರು ರೀತಿಯಲ್ಲಿ ಬರೆಯುತ್ತಾರೆ:

ಡಿಗ್ರಿ ಮಾತ್ರ: 12.50833
ಡಿಗ್ರಿ ಮತ್ತು ನಿಮಿಷ: 12°30.500′
ಡಿಗ್ರಿ, ನಿಮಿಷ, ಸೆಕೆಂಡ್: 12°30′30″

ಮೂರೂ ಒಂದೇ ಅಕ್ಷಾಂಶ. ಕಡಲಿನ ಉಪಕರಣಗಳು ಸಾಮಾನ್ಯವಾಗಿ ಎರಡನೆಯ ರೂಪ ತೋರಿಸುತ್ತವೆ, ಫೋನಿನ ನಕ್ಷೆ ಮೊದಲನೆಯದನ್ನು ಕೊಡುತ್ತದೆ. ಆ ಕಡೆಯವರು ಪರದೆ ನೋಡಿ ‘ಹನ್ನೆರಡು, ಮೂವತ್ತು, ಐವತ್ತು’ ಎಂದು ಓದುತ್ತಾರೆ, ಕೊನೆಯ ಸೊನ್ನೆ ಬಿಟ್ಟೇ ಹೋಗುತ್ತದೆ. ನೀವು ಅದನ್ನು 12°30′50″ ಎಂದು ಒತ್ತುತ್ತೀರಿ. 20 ಸೆಕೆಂಡಿನ ವ್ಯತ್ಯಾಸ ಬಂತು. ಅಕ್ಷಾಂಶದ ಒಂದು ನಿಮಿಷವೆಂದರೆ ಒಂದು ನಾಟಿಕಲ್ ಮೈಲಿ, 1852 ಮೀಟರ್. ಸೆಕೆಂಡಿಗೆ ಸುಮಾರು 31 ಮೀಟರ್. ಹಾಗಾಗಿ ನೀವು ಬಲೆ ಬಿಟ್ಟದ್ದು ಕಲ್ಲಿನಿಂದ 600 ಮೀಟರಿಗೂ ಆಚೆ. ರೇಖಾಂಶದಲ್ಲೂ ಇದೇ ತಪ್ಪು ಸೇರಿದ್ದರೆ ಇನ್ನೂ ದೂರ.

ಇದಕ್ಕಿಂತ ದೊಡ್ಡ ಎಡವಟ್ಟೂ ಇದೆ. ಕಾಸರಗೋಡು ಪೇಟೆಯ ಅಕ್ಷಾಂಶ ಹತ್ತಿರ ಹತ್ತಿರ 12.50 ಡಿಗ್ರಿ. ಅದನ್ನು 12°50′ ಎಂದು ಒತ್ತಿದವರನ್ನು ಜಿಪಿಎಸ್ 20 ನಾಟಿಕಲ್ ಮೈಲಿ ಬಡಗಕ್ಕೆ, ನೇತ್ರಾವತಿ ಅಳಿವೆಯ ಆಸುಪಾಸಿಗೆ ಕಳಿಸುತ್ತದೆ. ಇಷ್ಟು ದೊಡ್ಡ ತಪ್ಪು ಹೊರಡುವ ಮೊದಲೇ ಕಣ್ಣಿಗೆ ಬೀಳುತ್ತದೆ. 600 ಮೀಟರಿನದ್ದು ಬೀಳುವುದಿಲ್ಲ, ತೊಂದರೆ ಕೊಡುವುದು ಅದೇ.

ಪತ್ತೆ ಹಚ್ಚಲು ಒಂದು ಸುಲಭ ದಾರಿ: ಸೆಕೆಂಡು 59 ದಾಟುವುದೇ ಇಲ್ಲ. ಕೊನೆಯ ಅಂಕಿ 60 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ಖಂಡಿತ ನಿಮಿಷದ ದಶಾಂಶ. ಕೊನೆಯಲ್ಲಿ ಮೂರು ಅಂಕಿ ಇದ್ದರೂ ಹಾಗೆಯೇ. ಬದಲಿಸುವುದು ಕಷ್ಟವಲ್ಲ, ಸೆಕೆಂಡನ್ನು 60ರಿಂದ ಭಾಗಿಸಿ ನಿಮಿಷಕ್ಕೆ ಕೂಡಿಸಿ. ಇನ್ನೂ ಸುಲಭವೆಂದರೆ ಸೆಟ್ಟಿಂಗಿನಲ್ಲಿ ‘ಪೊಸಿಶನ್ ಫಾರ್ಮ್ಯಾಟ್’ ಅನ್ನು ಅವರ ರೂಪಕ್ಕೆ ತಂದು ಅಂಕಿ ಒತ್ತಿ ಉಳಿಸಿಕೊಳ್ಳುವುದು. ಮತ್ತೆ ನಿಮ್ಮ ರೂಪಕ್ಕೆ ಮರಳಿದರೆ ಉಪಕರಣವೇ ಲೆಕ್ಕ ಮಾಡಿಕೊಂಡಿರುತ್ತದೆ.

ಅಲ್ಲೇ ಕೆಳಗೆ ‘ಮ್ಯಾಪ್ ಡೇಟಮ್’ (ನಕ್ಷೆಗೆ ಆಧಾರವಾದ ಭೂಮಿಯ ಅಳತೆಯ ಲೆಕ್ಕ) ಎಂದಿರುತ್ತದೆ, ಅದು ಡಬ್ಲ್ಯುಜಿಎಸ್ 84 ಆಗಿರಲಿ. ಹಳೆಯ ಸರ್ವೆ ನಕ್ಷೆಗಳು ಎವರೆಸ್ಟ್ ಲೆಕ್ಕದವು. ಯಾರಾದರೂ ಅದಕ್ಕೆ ಬದಲಿಸಿಟ್ಟಿದ್ದರೆ ಎಲ್ಲ ಗುರುತೂ ನೂರಾರು ಅಡಿ ಸರಿದು ಕೂರುತ್ತದೆ.

ಇಷ್ಟೆಲ್ಲ ಸರಿ ಇದ್ದರೂ ಜಿಪಿಎಸ್ ಮೂರರಿಂದ ಐದು ಮೀಟರ್ ಆಚೀಚೆ ತೋರಿಸುತ್ತದೆ, ಗುರುತು ಹಾಕಿದವರ ಉಪಕರಣವೂ ಅಷ್ಟೇ ಆಚೀಚೆ. ಸಣ್ಣ ಕಲ್ಲಾದರೆ ಗುರುತಿನ ಮೇಲೆಯೇ ನಿಂತು ಹುಡುಕಬೇಡಿ. ನೀರಿನ ಸೆಳೆತಕ್ಕೆ ಎದುರಾಗಿ, ಎರಡು ನಾಟ್ ವೇಗದಲ್ಲಿ, 15 ಮೀಟರ್ ಅಂತರದ ಗೆರೆಗಳಲ್ಲಿ ಆಚೀಚೆ ಹೋಗಿ. ಆಳ ಅಳೆಯುವ ಎಕೋಸೌಂಡರಿನಲ್ಲಿ ಏರು ಕಂಡ ಕ್ಷಣ ಗುರುತು ಒತ್ತಿ. ಒಂದೇ ಜಾಗವನ್ನು ಹಲವು ಸಲ ಅಳೆದು ಸರಾಸರಿ ತೆಗೆಯುವ ‘ವೇಪಾಯಿಂಟ್ ಆವರೇಜಿಂಗ್’ ಎಂಬ ಸೌಲಭ್ಯ ತೋಟದ ಗಡಿಕಲ್ಲಿಗೆ ಒಳ್ಳೆಯದು. ತೇಲಿ ಸರಿಯುವ ದೋಣಿಯಲ್ಲಿ ಬಳಸಿದರೆ ದೋಣಿ ಸರಿದ ದಾರಿಯ ಸರಾಸರಿ ಸಿಗುತ್ತದೆ, ಕಲ್ಲಿನದ್ದಲ್ಲ.

ಪ್ರಶ್ನೆ: ಹೊಳೆಯಲ್ಲಿ ಹೋಗುವಾಗ ನನ್ನ ದೋಣಿ ರಸ್ತೆಯ ಮೇಲೆ ಓಡುವಂತೆ ತೋರಿಸುತ್ತದೆ. ಅಳಿವೆ ದಾಟುವಾಗ ಮರಳದಿನ್ನೆಯ ಮೇಲೆ! ನಂಬುವುದು ಹೇಗೆ? – ನೀಲೇಶ್ವರದ ಓದುಗರು

ಎರಡೂ ಬೇರೆ ಬೇರೆ ಕಾರಣ. ರಸ್ತೆಯ ಮೇಲೆ ತೋರಿಸುವುದು ‘ಲಾಕ್ ಆನ್ ರೋಡ್’ ಆನ್ ಇರುವುದರಿಂದ. ನಾಲ್ಕೈದು ಮೀಟರಿನ ಆಚೀಚೆಯಿಂದ ಗಾಡಿ ಗದ್ದೆಯಲ್ಲಿ ಓಡುವಂತೆ ಕಾಣಬಾರದು ಎಂದು ಉಪಕರಣ ಹತ್ತಿರದ ರಸ್ತೆಗೆ ನಿಮ್ಮನ್ನು ಅಂಟಿಸುತ್ತದೆ. ಹೊಳೆಬದಿಯಲ್ಲಿ ರಸ್ತೆ ಇದ್ದರೆ ದೋಣಿಯನ್ನೂ ಅಲ್ಲಿಗೇ ಎಳೆಯುತ್ತದೆ. ಆಫ್ ಮಾಡಿದರೆ ಮುಗಿಯಿತು.

ಮರಳದಿನ್ನೆಯ ವಿಷಯದಲ್ಲಿ ಜಿಪಿಎಸ್ ಸರಿ, ತಪ್ಪಿರುವುದು ನಕ್ಷೆ. ಚಂದ್ರಗಿರಿ, ಶಿರಿಯ, ಮೊಗ್ರಾಲ್, ತೇಜಸ್ವಿನಿ – ನಮ್ಮ ಯಾವ ಹೊಳೆಯ ಅಳಿವೆಯೂ ಮಳೆಗಾಲ ಕಳೆದ ಮೇಲೆ ಇದ್ದಲ್ಲೇ ಇರುವುದಿಲ್ಲ. ಮಳೆಯ ನೆರೆ ಒಂದು ಕಡೆ ಕೊರೆಯುತ್ತದೆ, ಕಡಲ ಅಲೆ ಇನ್ನೊಂದು ಕಡೆ ಮರಳು ತಂದು ಹಾಕುತ್ತದೆ. ಡೆಹ್ರಾಡೂನಿನ ರಾಷ್ಟ್ರೀಯ ಜಲಮಾಪನ ಕಚೇರಿ ಪ್ರಕಟಿಸುವ ಕಡಲ ನಕ್ಷೆಗಳು ಹಡಗುಗಳಿಗಾಗಿ ಮಾಡಿದವು. ವಲಿಯಪರಂಬದಂಥ ಹಿನ್ನೀರಿನ ಒಳದಾರಿಯ ಆಳ ಅವುಗಳಲ್ಲಿ ಹುಡುಕಬೇಡಿ.

ಆದ್ದರಿಂದ ಕಳೆದ ವರ್ಷ ಅಳಿವೆ ದಾಟಿದ ಗೆರೆಯನ್ನು ಈ ವರ್ಷ ಹಿಡಿದು ಹೋಗುವುದು ಬೇಡವೇ ಬೇಡ. ಮಳೆಗಾಲ ಮುಗಿದೊಡನೆ ಹಳೆಯ ಗೆರೆ ಅಳಿಸಿ. ಹಗಲು ಹೊತ್ತು, ಕಡಲು ಶಾಂತವಿದ್ದಾಗ, ಭರತ ಏರುತ್ತಿರುವಾಗ, ಗಳ ಊರುತ್ತ ಅಥವಾ ಎಕೋಸೌಂಡರ್ ನೋಡುತ್ತ ನಿಧಾನ ದಾಟಿ ಹೊಸ ಗೆರೆ ಮಾಡಿಕೊಳ್ಳಿ. ಏರುತ್ತಿರುವಾಗಲೇ ಏಕೆಂದರೆ, ಮರಳು ತಾಗಿದರೂ ಸ್ವಲ್ಪ ಹೊತ್ತಿನಲ್ಲಿ ನೀರು ನಿಮ್ಮನ್ನು ಎತ್ತುತ್ತದೆ. ಇಳಿತದಲ್ಲಿ ತಾಗಿದರೆ ದೋಣಿ ಅಲ್ಲೇ ಕೂರುತ್ತದೆ; ಅದಲ್ಲದೆ ಹೊರಕ್ಕೆ ಹರಿಯುವ ನೀರು ಒಳಬರುವ ಅಲೆಗೆ ಎದುರಾಗಿ ಅಲೆ ಕಡಿದಾಗಿ ಏಳುತ್ತದೆ. ಜಿಪಿಎಸ್‌ಗೆ ಆಳ ಗೊತ್ತಿಲ್ಲ. ಅದು ತೋರಿಸುವ ಎತ್ತರದ ಅಂಕಿಯನ್ನು ಭರತ-ಇಳಿತದ ಲೆಕ್ಕಕ್ಕೆ ಹಿಡಿಯುವವರಿದ್ದಾರೆ. ನಮ್ಮಲ್ಲಿ ನೀರು ಏರಿಳಿಯುವುದು ಸುಮಾರು ಒಂದು ಮೀಟರ್, ಅಮಾವಾಸ್ಯೆ-ಹುಣ್ಣಿಮೆಗೆ ತುಸು ಹೆಚ್ಚು. ಜಿಪಿಎಸ್ ಎತ್ತರದಲ್ಲಿ ತಪ್ಪುವುದೇ ಅದಕ್ಕಿಂತ ಜಾಸ್ತಿ.

ಇನ್ನೊಂದು ಮಾತು. ‘ಡೈರೆಕ್ಟ್’ ಮಾರ್ಗ ಎಂದರೆ ಹಗ್ಗ ಎಳೆದಂತೆ ನೇರ ಗೆರೆ, ನಡುವೆ ನೆಲ ಬಂದರೂ ಕೇಳುವುದಿಲ್ಲ. ತಳಂಗರೆಯಿಂದ ಬೇಕಲದ ಕಡೆಗೆ ‘ಗೋ ಟು’ ಒತ್ತಿದರೆ ಗೆರೆ ಊರಿನ ಮೇಲೆ ಹಾಯುತ್ತದೆ. ಅಳಿವೆಯ ಒಳಗೊಂದು, ಹೊರಗೊಂದು, ದಡದಿಂದ ಒಂದು ನಾಟಿಕಲ್ ಮೈಲಿ ಆಚೆ ಒಂದೆರಡು, ಹೀಗೆ ಗುರುತು ಹಾಕಿ ಅವನ್ನು ಪೋಣಿಸಿ ಮಾರ್ಗ ಮಾಡಿ.

ಪ್ರಶ್ನೆ: ಮೀನು ಸಿಗುವ ಜಾಗದ ಸರಕಾರಿ ಮಾಹಿತಿಯಲ್ಲಿ ದಿಕ್ಕು, ದೂರ, ಆಳ ಎಂದೆಲ್ಲ ಇರುತ್ತದೆ. ಜಿಪಿಎಸ್‌ಗೆ ಅದನ್ನು ಹಾಕುವುದು ಹೇಗೆ? – ಹೊಸದುರ್ಗದ ಓದುಗರು

ಹೈದರಾಬಾದಿನ ಸರಕಾರಿ ಕಡಲ ಮಾಹಿತಿ ಕೇಂದ್ರವಾದ ಇನ್‌ಕಾಯಿಸ್ ಕೊಡುವ ಪಟ್ಟಿಯಲ್ಲಿ ಒಂದು ಇಳಿದಾಣದಿಂದ ಎಷ್ಟು ಡಿಗ್ರಿ ದಿಕ್ಕಿಗೆ, ಎಷ್ಟು ಕಿಲೋಮೀಟರ್ ದೂರಕ್ಕೆ, ಎಷ್ಟು ಮೀಟರ್ ಆಳದಲ್ಲಿ ಎಂದಿರುತ್ತದೆ. ಪಕ್ಕದಲ್ಲಿ ಅಕ್ಷಾಂಶ-ರೇಖಾಂಶವೂ ಇರುತ್ತದೆ, ಅದು ಡಿಗ್ರಿ-ನಿಮಿಷ-ಸೆಕೆಂಡ್ ರೂಪದ್ದು. ಅದನ್ನೇ ಒತ್ತುವುದು ಎಲ್ಲಕ್ಕಿಂತ ನೇರ ದಾರಿ.

ದಿಕ್ಕು-ದೂರ ಮಾತ್ರ ಸಿಕ್ಕಿದ್ದರೆ ‘ಪ್ರಾಜೆಕ್ಟ್ ವೇಪಾಯಿಂಟ್’ ಬಳಸಿ. ಪಟ್ಟಿಯಲ್ಲಿ ಹೆಸರಿಸಿದ ಇಳಿದಾಣದ ಗುರುತನ್ನು ತೆರೆದು, ಅಲ್ಲಿಂದ ಪ್ರಾಜೆಕ್ಟ್ ಮಾಡಬೇಕು. ನಿಮ್ಮ ದೋಣಿ ನಿಂತ ಜಾಗದಿಂದಲ್ಲ. ದೂರದ ಮಾನ ನೋಡಿಕೊಳ್ಳಿ: 40 ಕಿಲೋಮೀಟರನ್ನು ನಾಟಿಕಲ್ ಮೈಲಿ ಎಂದು ಒತ್ತಿದರೆ 74 ಕಿಲೋಮೀಟರ್ ಆಯಿತು, ಡೀಸೆಲ್ ಸುಟ್ಟದ್ದು ದಂಡ. ಸೆಟ್ಟಿಂಗಿನಲ್ಲಿ ಉತ್ತರ ದಿಕ್ಕನ್ನು ‘ಟ್ರೂ’ಗೆ, ಎಂದರೆ ಭೂಗೋಳದ ನಿಜ ಉತ್ತರಕ್ಕೆ ಇಡಿ. ಕಾಂತದ ಉತ್ತರಕ್ಕೂ ಅದಕ್ಕೂ ನಮ್ಮ ಕರಾವಳಿಯಲ್ಲಿ ಎರಡು ಡಿಗ್ರಿಗಿಂತ ಕಡಿಮೆ ಅಂತರ. ಆದರೂ 40 ಕಿಲೋಮೀಟರ್ ದೂರದಲ್ಲಿ ಒಂದು ಡಿಗ್ರಿಗೆ 700 ಮೀಟರ್ ಸರಿಯುತ್ತದೆ. ಜಾಗ ತಲುಪಿದ ಮೇಲೆ ಪಟ್ಟಿಯ ಆಳವೂ ಎಕೋಸೌಂಡರಿನ ಆಳವೂ ತೀರಾ ಬೇರೆಯಾಗಿದ್ದರೆ ಎಲ್ಲೋ ಅಂಕಿ ತಪ್ಪಿದೆ ಎಂದೇ ತಿಳಿಯಿರಿ.

ಪ್ರಶ್ನೆ: ತಮ್ಮ ದುಬೈಯಿಂದ ಒಂದು ಹಳೆಯ ಜಿಪಿಎಸ್ ತಂದುಕೊಟ್ಟಿದ್ದಾನೆ. ಗಂಟೆಗಟ್ಟಲೆ ಉಪಗ್ರಹ ಹುಡುಕುತ್ತದೆ, ಊರಿನ ರಸ್ತೆ ಒಂದೂ ಇಲ್ಲ, ತಾರೀಕು ಇಪ್ಪತ್ತು ವರ್ಷ ಹಿಂದಿನದು. ಹಾಳಾಗಿದೆಯೇ? – ಉಪ್ಪಳದ ಓದುಗರು

ಇರಲಾರದು. ಮನೆಯೊಳಗಿಂದ ಹೊರಗೆ ತನ್ನಿ, ತೆಂಗಿನ ಮರದ ಅಡಿಯೂ ಬೇಡ, ಗದ್ದೆಯಲ್ಲೋ ಕಡಲ ದಂಡೆಯಲ್ಲೋ ಅಲುಗಾಡಿಸದೆ 20 ನಿಮಿಷ ಇಡಿ. ತುಂಬ ಕಾಲ ಆರಿಸಿಟ್ಟ ಉಪಕರಣಕ್ಕೆ ಯಾವ ಉಪಗ್ರಹ ಎಲ್ಲಿದೆ ಎಂಬ ಪಟ್ಟಿ ಹಳೆಯದಾಗಿರುತ್ತದೆ. ಪೂರ್ತಿ ಪಟ್ಟಿ ಉಪಗ್ರಹದಿಂದ ಇಳಿಯಲು ಹನ್ನೆರಡೂವರೆ ನಿಮಿಷ ಬೇಕು. ಒಮ್ಮೆ ಇಳಿದರೆ ಮರುದಿನದಿಂದ ಒಂದು ನಿಮಿಷದೊಳಗೆ ಜಾಗ ಹಿಡಿಯುತ್ತದೆ.

ತಾರೀಕಿನ ಗೊಂದಲಕ್ಕೆ ಕಾರಣ ಜಿಪಿಎಸ್ ಎಣಿಸುವ ರೀತಿ. ಅದು ವಾರಗಳನ್ನು 0ಯಿಂದ 1023ರವರೆಗೆ ಎಣಿಸಿ ಮತ್ತೆ ಸೊನ್ನೆಗೆ ಬರುತ್ತದೆ. ಕಳೆದ ಸಲ ಹಾಗಾದದ್ದು 2019ರ ಏಪ್ರಿಲ್ 6ರ ನಡುರಾತ್ರಿ, ಗ್ರೀನಿಚ್ ಲೆಕ್ಕದಲ್ಲಿ. ಹಳೆಯ ಸಾಫ್ಟ್‌ವೇರ್ ಇರುವ ಉಪಕರಣ ಅಲ್ಲಿಂದ 19 ವರ್ಷ ಏಳೂವರೆ ತಿಂಗಳು ಹಿಂದಿನ ತಾರೀಕು ತೋರಿಸುತ್ತದೆ. ಸಾಮಾನ್ಯವಾಗಿ ಜಾಗ ಮಾತ್ರ ಸರಿಯಾಗಿಯೇ ಇರುತ್ತದೆ. ಕೆಡುವುದು ಅದರೊಳಗಿನ ಭರತ-ಇಳಿತದ ವೇಳೆ ಮತ್ತು ಚಂದ್ರನ ಲೆಕ್ಕ. ತಯಾರಕರ ಸಾಫ್ಟ್‌ವೇರ್ ಪರಿಷ್ಕರಣೆ ಸಿಕ್ಕಿದರೆ ಹಾಕಿ. ಸಿಗದಿದ್ದರೆ ಭರತ-ಇಳಿತಕ್ಕೆ ಪಂಚಾಂಗ ನೋಡಿಕೊಳ್ಳಿ. ಗಡಿಯಾರ ಒಂದೂವರೆ ಗಂಟೆ ಹಿಂದಿದ್ದರೆ ಅದು ಇನ್ನೂ ದುಬೈ ಸಮಯದಲ್ಲಿದೆ, +5:30 ಮಾಡಿ.

ರಸ್ತೆ ಇಲ್ಲದ್ದು ಕೊಲ್ಲಿ ದೇಶಗಳ ನಕ್ಷೆ ಮಾತ್ರ ತುಂಬಿಸಿರುವುದರಿಂದ. ಓಪನ್‌ಸ್ಟ್ರೀಟ್‌ಮ್ಯಾಪ್ ಆಧರಿಸಿದ ಭಾರತದ ನಕ್ಷೆ ಉಚಿತವಾಗಿ ಸಿಗುತ್ತದೆ. ಮೈಕ್ರೋಎಸ್‌ಡಿ ಕಾರ್ಡನ್ನು ಫ್ಯಾಟ್32 ರೂಪಕ್ಕೆ ಫಾರ್ಮ್ಯಾಟ್ ಮಾಡಿ, ‘ಗಾರ್ಮಿನ್’ ಎಂಬ ಫೋಲ್ಡರ್ ಮಾಡಿ, ಅದರೊಳಗೆ ನಕ್ಷೆಯ ಫೈಲ್ ಹಾಕಬೇಕು. ಹಳೆಯ ಮಾದರಿಗಳು ‘ಜಿಮ್ಯಾಪ್‌ಸಪ್’ ಎಂಬ ಒಂದೇ ಹೆಸರಿನ ಫೈಲನ್ನು ಓದುತ್ತವೆ, ಬೇರೆ ಹೆಸರಿದ್ದರೆ ಕಂಡೂ ಕಾಣದ ಹಾಗೆ ಇರುತ್ತವೆ. ಮೈಕ್ರೋಎಸ್‌ಡಿ ಹಾಕುವ ಜಾಗವೇ ಇಲ್ಲದ 276ಸಿಯಂಥ ತೀರಾ ಹಳೆಯವಕ್ಕೆ ಕಂಪನಿಯದ್ದೇ ಬೇರೆ ಕಾರ್ಡ್ ಬೇಕು.

ಕೊಲ್ಲಿಯಿಂದ ತರಿಸುವ ಎಲ್ಲರಿಗೂ ಒಂದು ಎಚ್ಚರಿಕೆ. ಬರೀ ಜಿಪಿಎಸ್ ತರುವುದು ಬೇರೆ. ಉಪಗ್ರಹದ ಮೂಲಕ ಸಂದೇಶ ಕಳಿಸುವ ಉಪಕರಣ ತರುವುದು ಬೇರೆ. ತುರಾಯಾ, ಇರಿಡಿಯಂ ಫೋನುಗಳು, ಗಾರ್ಮಿನ್ ಇನ್‌ರೀಚ್ ಇವನ್ನು ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಭಾರತದಲ್ಲಿ ಇಟ್ಟುಕೊಳ್ಳುವಂತಿಲ್ಲ. ವಿಮಾನ ನಿಲ್ದಾಣದಲ್ಲೇ ಬಂಧನವಾದ ಪ್ರಕರಣಗಳಿವೆ. ಜಿಪಿಎಸ್‌ಮ್ಯಾಪ್ 86 ಸಾಲಿನಲ್ಲೇ ಇನ್‌ರೀಚ್ ಇರುವ ಮಾದರಿಯೂ ಇಲ್ಲದ ಮಾದರಿಯೂ ಇವೆ, ಹೊರಗಿನಿಂದ ಒಂದೇ ತರ. ಮಾದರಿಯ ಹೆಸರಿನ ಕೊನೆಯ ಅಕ್ಷರಗಳಲ್ಲಿ ‘ಐ’ ಇದ್ದರೆ ತರಬೇಡಿ ಎಂದು ತಮ್ಮನಿಗೆ ಹೇಳಿ.

ಪ್ರಶ್ನೆ: ಬೋಟಿನ ಬ್ಯಾಟರಿಗೆ ಜಿಪಿಎಸ್ ಜೋಡಿಸಿದ್ದೇನೆ. ಇಂಜಿನ್ ಸ್ಟಾರ್ಟ್ ಮಾಡಿದಾಗಲೆಲ್ಲ ಆರಿ ಹೋಗುತ್ತದೆ. – ಕಾಸರಗೋಡು ಕಸಬದ ಓದುಗರು

ಸ್ಟಾರ್ಟರ್ ಮೋಟಾರ್ ಒಮ್ಮೆಲೇ ಕರೆಂಟು ಎಳೆಯುವಾಗ ಬ್ಯಾಟರಿಯ ವೋಲ್ಟೇಜ್ ಕುಸಿಯುತ್ತದೆ, ಜಿಪಿಎಸ್‌ಗೆ ಸಾಲುವುದಿಲ್ಲ. ಉಪಕರಣದೊಳಗಿನ ಬ್ಯಾಟರಿ ಸರಿಯಿದ್ದರೆ ಆ ಎರಡು ಸೆಕೆಂಡನ್ನು ಅದೇ ನಿಭಾಯಿಸಬೇಕು. ಹಾಗಾಗಿ ಮೊದಲು ಅದನ್ನು ಪರೀಕ್ಷಿಸಿ. ಆಮೇಲೆ ಬ್ಯಾಟರಿಯ ಟರ್ಮಿನಲ್ ಬಿಚ್ಚಿ ಹಸಿರು-ಬಿಳಿ ಪುಡಿ ಉಜ್ಜಿ ತೆಗೆಯಿರಿ. ಬಹಳ ಸಲ ಇಷ್ಟರಲ್ಲೇ ಸರಿಹೋಗುತ್ತದೆ.

ವಯರಿಂಗಿನಲ್ಲಿ ಮೂರು ವಿಷಯ. ಪ್ಲಸ್ ವಯರಿಗೆ 2 ಆಂಪಿಯರ್ ಫ್ಯೂಸ್, ಅದೂ ಬ್ಯಾಟರಿಯಿಂದ ಒಂದು ಗೇಣಿನೊಳಗೆ. ಜಿಪಿಎಸ್ ಪಕ್ಕದಲ್ಲಿ ಹಾಕಿದರೆ ನಡುವಿನ ವಯರು ಶಾರ್ಟಾದಾಗ ಉಪಯೋಗವಿಲ್ಲ. ಯುಎಸ್‌ಬಿಯಿಂದ ನಡೆಯುವ ಉಪಕರಣಕ್ಕೆ ಬೇಕಾದದ್ದು 5 ವೋಲ್ಟ್. ಗಾಡಿಯ ಸಿಗರೇಟ್ ಪ್ಲಗ್ಗಿನೊಳಗೆ 12ನ್ನು 5ಕ್ಕೆ ಇಳಿಸುವ ಸರ್ಕ್ಯೂಟ್ ಇರುತ್ತದೆ. ಪ್ಲಗ್ ಕತ್ತರಿಸಿ ವಯರನ್ನು ನೇರ ಬ್ಯಾಟರಿಗೆ ಕಟ್ಟಿದರೆ ಉಪಕರಣ ಸುಡುತ್ತದೆ, ರಿಪೇರಿಗೂ ಬಾರದು. ಲಾರಿ ಮತ್ತು ದೊಡ್ಡ ಬೋಟುಗಳಲ್ಲಿ 24 ವೋಲ್ಟ್ ಇರುತ್ತದೆ, ಅಡಾಪ್ಟರ್ ಮೇಲೆ 12–24 ಎಂದಿದೆಯೇ ನೋಡಿ.

ಹಗ್ಗ ಎಳೆದು ಸ್ಟಾರ್ಟ್ ಮಾಡುವ ಔಟ್‌ಬೋರ್ಡ್ ದೋಣಿಯವರಿಗೆ 12 ವೋಲ್ಟ್ 7 ಆಂಪಿಯರ್-ಅವರ್‌ನ ಮುಚ್ಚಿದ ಬ್ಯಾಟರಿ ಸಾಕು. ಅರ್ಧದಷ್ಟೇ ಖರ್ಚು ಮಾಡಿದರೂ ಹತ್ತು ಗಂಟೆ ದಾಟುತ್ತದೆ. ಸಾಮಾನ್ಯ ಯುಎಸ್‌ಬಿ ಕೇಬಲ್ ಹಾಕಿದಾಗ ಪರದೆಯಲ್ಲಿ ಕಂಪ್ಯೂಟರಿನ ಚಿತ್ರ ಬಂದು ನಿಂತರೆ ಗಾಬರಿಯಾಗಬೇಡಿ. ಉಪಕರಣ ತನ್ನನ್ನು ಕಂಪ್ಯೂಟರಿಗೆ ಜೋಡಿಸಿದ್ದಾರೆ ಎಂದುಕೊಂಡಿದೆ. ಅದರದ್ದೇ ವಾಹನದ ಕೇಬಲ್ ಬಳಸಿ.

ಪ್ರಶ್ನೆ: ರಾಷ್ಟ್ರೀಯ ಹೆದ್ದಾರಿಯಲ್ಲಿ ‘ಬಲಕ್ಕೆ ತಿರುಗಿ’ ಎನ್ನುತ್ತದೆ, ಅಲ್ಲಿ ಗೋಡೆ ಇದೆ! – ಬದಿಯಡ್ಕದ ಓದುಗರು

ತಲಪಾಡಿ–ಚೆಂಗಳ ಆರು ಪಥವಾಗುವ ಮೊದಲಿನ ನಕ್ಷೆ ನಿಮ್ಮದು. ಹೊಸ ನಕ್ಷೆ ಹಾಕಿ. ಹೊಸದರಲ್ಲೂ ಸರ್ವಿಸ್ ರಸ್ತೆ ಮತ್ತು ಮುಖ್ಯ ಪಥ ಎರಡೂ ಅಕ್ಕಪಕ್ಕ ಇರುವುದರಿಂದ ಯಾವುದರಲ್ಲಿ ಇದ್ದೀರಿ ಎಂದು ಜಿಪಿಎಸ್ ತಪ್ಪು ತಿಳಿಯುತ್ತದೆ. ಐದು ಮೀಟರಿನ ಆಚೀಚೆ ಇಲ್ಲಿ ದೊಡ್ಡದೇ. ಅಂಡರ್‌ಪಾಸ್ ಹಿಡಿಯಬೇಕಿದ್ದರೆ ಮೊದಲೇ ಸರ್ವಿಸ್ ರಸ್ತೆಗೆ ಇಳಿಯಿರಿ, ಅದರ ಮಾತಿಗೆ ಕಾಯಬೇಡಿ. ಊರಿನ ಹೆಸರು ಸಿಗದಿದ್ದರೆ ಕಾಗುಣಿತ ಬದಲಿಸಿ ನೋಡಿ: ಮಂಜೇಶ್ವರ ‘ಮಂಜೇಶ್ವರಂ’ ಎಂದಿರಬಹುದು, ಹೊಸದುರ್ಗ ‘ಕಾಞಂಗಾಡ್’ ಆಗಿ ಅಡಗಿರಬಹುದು.

ಪ್ರಶ್ನೆ: ಲಂಗರು ಹಾಕಿ ಮಲಗಿದರೆ ಆಂಕರ್ ಅಲಾರಂ ರಾತ್ರಿಯಿಡೀ ಬಡಿದುಕೊಳ್ಳುತ್ತದೆ. – ಬೇಕಲದ ಓದುಗರು

ದೋಣಿ ದಾಟಿದರೆ ಅಲಾರಂ ಬಡಿಯಲೆಂದು ನೀವು ಇಟ್ಟ ವೃತ್ತ ಸಣ್ಣದಾಗಿದೆ. 8 ಮೀಟರ್ ಆಳದಲ್ಲಿ ಐದು ಪಟ್ಟು, ಎಂದರೆ 40 ಮೀಟರ್ ಹಗ್ಗ ಬಿಟ್ಟಿದ್ದರೆ ಸೆಳೆತ ತಿರುಗಿದಾಗ ದೋಣಿ ಅಷ್ಟೂ ಉದ್ದಕ್ಕೆ ಸುತ್ತು ಬರುತ್ತದೆ. 40ಕ್ಕೆ ಜಿಪಿಎಸ್‌ನ ಆಚೀಚೆಗೆ 10 ಸೇರಿಸಿ, ದೋಣಿಯ ಉದ್ದವನ್ನೂ ಕೂಡಿಸಿ, 60 ಮೀಟರ್ ಇಡಿ. ಅಲಾರಂ ಆನ್ ಮಾಡಬೇಕಾದದ್ದು ಲಂಗರು ತಳ ಮುಟ್ಟಿದ ಕ್ಷಣದಲ್ಲಿ. ಹಗ್ಗ ಪೂರ್ತಿ ಬಿಟ್ಟ ಮೇಲೆ ಮಾಡಿದರೆ ವೃತ್ತದ ನಡು ದೋಣಿಯ ಜಾಗವಾಗುತ್ತದೆ, ಲಂಗರಿನದ್ದಲ್ಲ.

ಪ್ರಶ್ನೆ: ಫೋನಿನಲ್ಲೇ ಜಿಪಿಎಸ್ ಇರುವಾಗ ಇದೆಲ್ಲ ಏಕೆ? – ಮುಳ್ಳೇರಿಯದ ಓದುಗರು

ಮುಳ್ಳೇರಿಯದಲ್ಲಿ ಬೇಡ. ಕಡಲಲ್ಲಿ ಟವರ್ ಇಲ್ಲದಿದ್ದರೂ ಫೋನಿನ ಜಿಪಿಎಸ್ ನಡೆಯುತ್ತದೆ, ನಕ್ಷೆ ಮೊದಲೇ ಇಳಿಸಿಟ್ಟಿದ್ದರೆ ಸಾಕು. ಸೋಲುವುದು ಪರದೆ: ಉಪ್ಪುನೀರಿನ ಹನಿ ಬಿದ್ದರೆ ತಾನೇ ಒತ್ತಿದಂತೆ ವರ್ತಿಸುತ್ತದೆ, ಒದ್ದೆ ಬೆರಳಿಗೆ ಜಗ್ಗುವುದಿಲ್ಲ, ಮಧ್ಯಾಹ್ನದ ಬಿಸಿಲಿಗೆ ಕಾದು ಆರಿಹೋಗುತ್ತದೆ. ಯಾರಾದರೂ ನೀರಿಗೆ ಬಿದ್ದರೆ ಕಡಲಿನ ಜಿಪಿಎಸ್‌ನಲ್ಲಿ ‘ಎಂಒಬಿ’ ಗುಂಡಿ ಅದುಮಿ ಹಿಡಿದರೆ ಆ ಜಾಗ ಗುರುತಾಗುತ್ತದೆ, ಮರಳುವ ದಾರಿಯೂ ತೆರೆದುಕೊಳ್ಳುತ್ತದೆ. ಫೋನಿನಲ್ಲಿ ಅಷ್ಟು ಹೊತ್ತಿಗೆ ಲಾಕ್ ತೆಗೆದಿರುವುದೂ ಸಂಶಯ. ಹಾಗೆಂದು ಫೋನು ಮನೆಯಲ್ಲಿಟ್ಟು ಹೋಗಬೇಡಿ. ಟವರ್ ಸಿಗುವಷ್ಟು ದೂರದಲ್ಲಿ ಅಪಾಯ ಬಂದರೆ ಕರಾವಳಿ ರಕ್ಷಣಾ ಪಡೆಯ 1554ಕ್ಕೆ ಕರೆ ಮಾಡಿ, ಜಿಪಿಎಸ್ ನೋಡಿ ಜಾಗ ಹೇಳಿ. ಡಿಗ್ರಿ ಯಾವುದು, ನಿಮಿಷ ಯಾವುದು, ದಶಾಂಶದ ಚುಕ್ಕೆ ಎಲ್ಲಿ ಎಂಬುದನ್ನು ಬಿಡಿಸಿ ಓದಿ, ಅವರಿಂದ ಮರಳಿ ಹೇಳಿಸಿಕೊಳ್ಳಿ.